ಎರಡು ಹೊಟ್ಟೆಯ ನಾನು ಕೋರ್ಟಿನಲ್ಲಿ ಆಡಿದ ಸುಳ್ಳು

ನಾನು ಎರಡು ಬ್ಯಾಟರಿಗಳೊಡನೆ ಹುಟ್ಟಿದ ಲ್ಯಾಪ್‌ಟಾಪ್. ಒಂದು ನನ್ನ ಒಡಲೊಳಗೆ, ತಿರುಪುಗಳ ಹಿಂದೆ ಭದ್ರವಾಗಿ ಕೂತಿತ್ತು. ಇನ್ನೊಂದು ಬೆನ್ನಿಗೆ ಅಂಟಿಕೊಂಡಿತ್ತು. ಎರಡು ಚಿಲಕ ಸರಿಸಿದರೆ ಅದು ಕೈಗೆ ಬರುತ್ತಿತ್ತು. ಮೊದಲು ಬೆನ್ನಿನದು ಖಾಲಿಯಾಗಬೇಕು, ಆಮೇಲೆ ಒಡಲಿನದು ಕೆಲಸಕ್ಕೆ ಇಳಿಯಬೇಕು. ನನ್ನನ್ನು ಮಾಡಿದವರು ಹಾಗೆ ಲೆಕ್ಕ ಹಾಕಿದ್ದರು. ಹುಟ್ಟಿದ ದಿನ, ಸಮುದ್ರದಾಚೆಯ ಆ ಕಾರ್ಖಾನೆಯಲ್ಲಿ, ಬಿಳಿ ಕೈಗವಸು ತೊಟ್ಟ ಒಬ್ಬ ಹೆಂಗಸು ನನ್ನ ಗುಂಡಿಗಳನ್ನೆಲ್ಲ ಒಂದೊಂದಾಗಿ ಒತ್ತಿ ನೋಡಿದಳು. ಎಲ್ಲವೂ ಸರಿಯಿದ್ದವು. ಆಕೆ ನನ್ನ ಮುಖಕ್ಕೆ ತೆಳುವಾದ ಹಾಳೆ ಮುಚ್ಚಿ ಪೆಟ್ಟಿಗೆಯೊಳಗೆ ಮಲಗಿಸಿದಳು.

ಮೊದಲ ನಾಲ್ಕು ವರ್ಷಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಬೆಂಗಳೂರಿನ ಒಂದು ಕಚೇರಿಯಲ್ಲಿ ಮೇಜಿನ ಮೇಲೆ ಕೂತಿದ್ದೆ. ಕೆಳಗಿನಿಂದ ನೋಡಿದರೆ ನನ್ನ ಒಡೆಯರು ಎಂದರೆ ಒಂದು ಗದ್ದ, ಎರಡು ಮೂಗಿನ ಹೊಳ್ಳೆ, ಒಂದು ಚಹಾ ಲೋಟದ ತಳ. ಚಾರ್ಜರ್ ಎಂದೂ ಕಳಚುತ್ತಿರಲಿಲ್ಲವಾದ್ದರಿಂದ ನನ್ನ ಎರಡು ಹೊಟ್ಟೆಗಳೂ ಸದಾ ತುಂಬಿರುತ್ತಿದ್ದವು. ಹಸಿವೆಂದರೇನು ಎಂದೇ ನನಗೆ ತಿಳಿದಿರಲಿಲ್ಲ. ಆಮೇಲೆ ಕಚೇರಿಗೆ ಹೊಸ ಯಂತ್ರಗಳು ಬಂದವು. ನಮ್ಮ ಇಡೀ ಗುಂಪನ್ನು ರಟ್ಟಿನ ಡಬ್ಬಗಳಲ್ಲಿ ತುಂಬಿ ಹುಬ್ಬಳ್ಳಿಯ ಹಳೆ ಲ್ಯಾಪ್‌ಟಾಪ್ ಅಂಗಡಿಯೊಂದಕ್ಕೆ ಸಾಗಿಸಿದರು.

ಅಂಗಡಿಯ ವಿರೂಪಾಕ್ಷ ನನ್ನನ್ನು ಬ್ರಷ್ಷಿನಿಂದ ಉಜ್ಜಿ, ಗುಂಡಿಗಳ ಸಂದಿಯಲ್ಲಿದ್ದ ನಾಲ್ಕು ವರ್ಷದ ಬಿಸ್ಕತ್ತಿನ ಪುಡಿ ಉದುರಿಸಿ, ಗಾಜಿನ ಕಪಾಟಿನಲ್ಲಿಟ್ಟ. ಮೂರನೆಯ ದಿನ ಅವಳು ಬಂದಳು.

ಅವಳು ಶೈಲಜಾ ಬಡಿಗೇರ. ವಯಸ್ಸು ಮೂವತ್ತೊಂದು, ಕಪ್ಪು ಕೋಟು, ಕೈಯಲ್ಲಿ ಮಡಚುವ ಬಿಳಿ ಕೋಲು. ಒಂಬತ್ತನೆಯ ವಯಸ್ಸಿನಲ್ಲಿ ಬಂದ ಜ್ವರ ಅವಳ ಎರಡೂ ಕಣ್ಣುಗಳನ್ನು ಒಯ್ದಿತ್ತು. ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಕೋರ್ಟಿನಲ್ಲಿ ಅವಳು ವಕೀಲೆ. ಜೊತೆಗೆ ಅವಳ ಗುಮಾಸ್ತ ಮೌಲಾಸಾಬ ಬಂದಿದ್ದರು. ಅರವತ್ತು ದಾಟಿದ ಮನುಷ್ಯ; ನಲವತ್ತು ವರ್ಷ ಕೋರ್ಟಿನ ಕಾಗದಗಳನ್ನೇ ಹೊತ್ತು ಹೆಗಲು ಒಂದು ಕಡೆ ವಾಲಿತ್ತು.

ಬಂದವರೆಲ್ಲ ನನ್ನ ಮುಖ ನೋಡುತ್ತಿದ್ದರು. ಇವಳು ಮುಖವನ್ನು ಕೇಳಲೇ ಇಲ್ಲ. ಹತ್ತೂ ಬೆರಳು ನನ್ನ ಮೇಲೆ ಹರಿದಾಡಿದವು. ನನ್ನನ್ನು ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು, ಕಿವಿ ಹತ್ತಿರ ತಂದಳು.

"ಕೀಲು ಛಲೋ ಕೂಡ್ಯಾವ," ಎಂದಳು. "ನಮ್ಮಪ್ಪ ಕದಾ ಮಾಡಿದ್ರ ಹಿಂಗ ಇರ್ತಿತ್ತು, ಕಾಕಾ. ಸಪ್ಪಳ ಇಲ್ಲ. ಇದನ್ನ ತಗೊಳ್ಳೂಣು."

ಅವಳ ತಂದೆ ಬಡಗಿಯಾಗಿದ್ದವರು. ಮರದ ಗುಣವನ್ನು ಬೆರಳಿನಿಂದ ಓದುವುದನ್ನು ಮಗಳಿಗೆ ಅವರೇ ಕಲಿಸಿದ್ದರು.

ವಿರೂಪಾಕ್ಷ ನನ್ನೊಳಗಿದ್ದ ಹಳೆಯ ವ್ಯವಸ್ಥೆಯನ್ನು ಅಳಿಸಿ ಲಿನಕ್ಸ್ ಎಂಬ ಬೇರೆ ವ್ಯವಸ್ಥೆ ಹಾಕಿದ. ಅದರ ಜೊತೆಗೆ ನನಗೊಂದು ದನಿ ಬಂತು! ತೆರೆಯ ಮೇಲಿದ್ದುದನ್ನೆಲ್ಲ ಕನ್ನಡದಲ್ಲಿ ಓದಿ ಹೇಳುವ ದನಿ. ಸ್ವಲ್ಪ ಮೂಗಿನಿಂದ ಬರುವ ದನಿ, ನಿಜ. ಆದರೂ ನಾಲ್ಕು ವರ್ಷ ಮೂಕವಾಗಿದ್ದ ನನಗೆ ಆ ಸಂಭ್ರಮ ಹೇಳತೀರದು. ಶೈಲಜಾ ಅದರ ವೇಗವನ್ನು ಏರಿಸಿದಳು, ಇನ್ನೂ ಏರಿಸಿದಳು. ಕೊನೆಗೆ ನಾನು ಆಡಿದ್ದು ಅವಳಿಗೊಬ್ಬಳಿಗೆ ಬಿಟ್ಟು ಬೇರೆ ಯಾರಿಗೂ ತಿಳಿಯದಂತಾಯಿತು.

"ಇದೇನ್ರಿ ಮೇಡಂ, ಜ್ವಾಳ ಹುರದಂಗ ಮಾತಾಡ್ತದ!" ಎಂದರು ಮೌಲಾಸಾಬ.

ಅವಳಿಗೆ ಅಷ್ಟು ವೇಗ ಬೇಕಿತ್ತು. ಯಾಕೆಂದರೆ ಆಗ ಅವಳ ಕೈಯಲ್ಲಿ ಫಕ್ಕೀರವ್ವನ ಪ್ರಕರಣವಿತ್ತು.

ಫಕ್ಕೀರವ್ವ ಕೆಂಗಾಪುರ ಎಂಬ ಹಳ್ಳಿಯ ಶಾಲೆಯಲ್ಲಿ ಹತ್ತೊಂಬತ್ತು ವರ್ಷ ಬಿಸಿಯೂಟ ಬೇಯಿಸಿದ ಹೆಂಗಸು. ಒಂದು ಗುರುವಾರ ಮಧ್ಯಾಹ್ನ ಊಟವಾದ ಮೇಲೆ ಮೂವತ್ತನಾಲ್ಕು ಮಕ್ಕಳು ವಾಂತಿ ಮಾಡಿಕೊಂಡರು. ದೇವರ ದಯೆ, ಎಲ್ಲ ಮಕ್ಕಳೂ ಆಸ್ಪತ್ರೆಯಿಂದ ನಡೆದುಕೊಂಡೇ ಮನೆಗೆ ಹೋದರು. ಆದರೆ ಅಂದೇ ಸಂಜೆ ಫಕ್ಕೀರವ್ವನ ಮೇಲೆ ಅಜಾಗರೂಕತೆಯ ದೂರು ಬಿತ್ತು. ತಪ್ಪು ಅನ್ನದಲ್ಲಿರಲಿಲ್ಲ, ನೀರಿನಲ್ಲಿತ್ತು. ಶಾಲೆಯ ಮೇಲಿನ ತೊಟ್ಟಿಯಲ್ಲಿ ಏನೋ ಸತ್ತು ಕೊಳೆತಿತ್ತು ಎಂದು ಪರೀಕ್ಷೆಯ ವರದಿ ಹೇಳಿತು. ಹಾಗಾದರೆ ತೊಟ್ಟಿಯನ್ನು ನೋಡಿಕೊಳ್ಳಬೇಕಾದವರು ಯಾರು? ಬಿಸಿಯೂಟದ ಉಸ್ತುವಾರಿ ಹೊತ್ತಿದ್ದ ಶಿಕ್ಷಕ ಚನ್ನವೀರಯ್ಯ, ಅದು ಅಡುಗೆಯವಳ ಕೆಲಸ ಎಂದರು. ಸೋಮವಾರವೇ ನೀರು ನಾರುತ್ತಿದೆ ಎಂದು ಅವರಿಗೆ ಹೇಳಿದ್ದೆ ಎಂದು ಫಕ್ಕೀರವ್ವ ಅಂದಳು. ಆಕೆಯ ಮಾತಿಗೆ ಸಾಕ್ಷಿಯಿರಲಿಲ್ಲ.

ಆಕೆ ಮೊದಲ ಸಲ ಶೈಲಜಾಳ ಕಚೇರಿಗೆ ಬಂದಾಗ ನಾನು ಮೇಜಿನ ಮೇಲಿದ್ದೆ. ಕುರ್ಚಿ ಇದ್ದರೂ ಕೂರಲಿಲ್ಲ.

"ನನಗ ಜೇಲಿನ ಅಂಜಿಕಿ ಇಲ್ರಿ ಅವ್ವಾರ," ಎಂದಳು. "ಆದ್ರ ಆ ಹುಡುಗ್ರು ಹಾದಿಯೊಳಗ ನನ್ನ ಕಂಡ್ರ ಅವರವ್ವಂದಿರು ಕೈ ಹಿಡದು ಜಗ್ಗತಾರ. ಹತ್ತೊಂಬತ್ತು ವರ್ಸ ನನ್ನ ಕೈಲೆ ಉಂಡಾವ. ಅದನ್ನ ನೋಡಾಕ ಆಗವಲ್ದು."

ಕಾಗದಗಳು ಮುನ್ನೂರ ಹನ್ನೆರಡು ಪುಟ. ಅಚ್ಚಾದುದನ್ನು ಮೌಲಾಸಾಬರು ಸ್ಕ್ಯಾನ್ ಮಾಡಿ ನನ್ನೊಳಗೆ ಹಾಕಿದರು. ಕೈಬರಹದವನ್ನು ಅವರು ಗಟ್ಟಿಯಾಗಿ ಓದುತ್ತಿದ್ದರು, ಶೈಲಜಾ ಟೈಪ್ ಮಾಡುತ್ತಿದ್ದಳು. ಆರು ವಾರಗಳಲ್ಲಿ ಇಡೀ ಪ್ರಕರಣ ನನ್ನ ಹೊಟ್ಟೆಯೊಳಗಿತ್ತು. ಕೋರ್ಟಿನಲ್ಲಿ ನಾನು ಅವಳ ಎಡಗಿವಿಗೆ ತಂತಿಯ ಮೂಲಕ ಓದುವುದು, ಬಲಗಿವಿಯಿಂದ ಅವಳು ಕೋರ್ಟನ್ನು ಕೇಳುವುದು. ಇದು ನಮ್ಮ ಏರ್ಪಾಡು.

ಮೊದಲ ದೊಡ್ಡ ವಿಚಾರಣೆಯ ದಿನ ವೈದ್ಯರ ಸಾಕ್ಷಿ. ಬೆಳಿಗ್ಗೆಯಿಂದ ಬೇರೆ ಪ್ರಕರಣಗಳು ನಡೆದು, ನಮ್ಮ ಸರದಿ ಬರುವಾಗ ಹನ್ನೆರಡೂವರೆ. ಅಷ್ಟು ಹೊತ್ತೂ ಶೈಲಜಾ ಮೂಲೆಯ ಬೆಂಚಿನಲ್ಲಿ ನನ್ನಿಂದ ಓದಿಸಿಕೊಳ್ಳುತ್ತಿದ್ದಳು. ಅವಳ ಪಾಟಿ ಸವಾಲು ಶುರುವಾಯಿತು. ನಾಲ್ಕು ಪ್ರಶ್ನೆ ಕೇಳಿದಳು. ವೈದ್ಯರು ತಡವರಿಸತೊಡಗಿದ್ದರು. ಐದನೆಯ ಪ್ರಶ್ನೆಗೆ ವರದಿಯ ಸಾಲೊಂದು ಬೇಕಿತ್ತು. ಅವಳ ಬೆರಳು ಗುಂಡಿಯ ಮೇಲೆ ಬಂತು. ನಾನು ಬಾಯಿ ತೆರೆದೆ. ಬಂದದ್ದು ಬೇರೆಯೇ ಮಾತು.

"ಎಚ್ಚರಿಕೆ. ಬ್ಯಾಟರಿ ಮುಗಿದಿದೆ. ಒಂದು ನಿಮಿಷದಲ್ಲಿ ಯಂತ್ರ ನಿಲ್ಲುತ್ತದೆ."

ಸುಳ್ಳು! ನನ್ನ ಒಡಲಿನ ಬ್ಯಾಟರಿ ತುಂಬಿ ತುಳುಕುತ್ತಿತ್ತು. ಇನ್ನೂ ಮೂರು ಗಂಟೆ ಓದುವ ಶಕ್ತಿ ನನ್ನಲ್ಲಿತ್ತು. ಆದರೆ ನನ್ನ ದನಿ ನನ್ನ ಮಾತು ಕೇಳುವುದಿಲ್ಲ. ಒಳಗಿರುವ ಪ್ರೋಗ್ರಾಂಗಳು ಹೇಳಿದ್ದನ್ನು ಆಡುತ್ತದೆ. ಒಂದು ನಿಮಿಷದ ನಂತರ ನಾನು ಆರಿಹೋದೆ.

ಆಮೇಲೆ ನಡೆದದ್ದು ಮೌಲಾಸಾಬರು ಚಹಾದಂಗಡಿಯವನಿಗೆ ಹೇಳಿದ್ದರಿಂದ ನನಗೆ ಗೊತ್ತು. ಶೈಲಜಾ ಮಾತಿನ ಮಧ್ಯೆ ನಿಂತಳಂತೆ. ಮೇಜಿನ ಹತ್ತಿರದ ಪ್ಲಗ್ಗಿನಲ್ಲಿ ಕರೆಂಟಿರಲಿಲ್ಲವಂತೆ. ಐದನೆಯ ಪ್ರಶ್ನೆಯನ್ನು ನೆನಪಿನಿಂದ ಕೇಳಿದಳಂತೆ. ದಿನಾಂಕ ಒಂದು ತಪ್ಪಿತಂತೆ. ವೈದ್ಯರು ಅದನ್ನೇ ಹಿಡಿದು ಜಾರಿಕೊಂಡರಂತೆ. "ಮುಂದಿನ ವಾಯಿದೆಗೆ ಸರಿಯಾಗಿ ತಯಾರಾಗಿ ಬನ್ನಿ," ಎಂದು ನ್ಯಾಯಾಧೀಶರು ಮೆಲ್ಲಗೆ ಹೇಳಿದರಂತೆ. ಸರ್ಕಾರಿ ವಕೀಲ ಹಂಚಿನಮನಿಯವರು ಹೊರಗೆ ಬಂದು ಮೌಲಾಸಾಬರ ಭುಜ ತಟ್ಟಿದರಂತೆ.

"ಹುಡುಗಿ ಶ್ಯಾಣ್ಯಾ ಇದ್ದಾಳ. ಆದ್ರ ಆ ಡಬ್ಬಿ ನೆಚ್ಚಿಕೊಂಡು ಪಾಪ ಆ ಅಡಿಗಿ ಹೆಣ್ಮಗಳನ್ನ ಒಳಗ ಹಾಕಸ್ತಾಳ. ಯಾರರ ಕಣ್ಣಿದ್ದವರನ್ನ ಕೂಡ್ಕೊಳ್ಳಾಕ ಹೇಳ್ರಿ."

ಅದನ್ನು ಮೌಲಾಸಾಬರು ಅವಳಿಗೆ ಹೇಳಲಿಲ್ಲ. ಆದರೆ ಕಿಟಕಿ ತೆರೆದಿತ್ತು, ಅವಳು ಕೇಳಿಸಿಕೊಂಡಿದ್ದಳು.

ನನ್ನನ್ನು ಹುಬ್ಬಳ್ಳಿಗೆ ಒಯ್ದರು. ವಿರೂಪಾಕ್ಷ ಬೆನ್ನಿನ ಬ್ಯಾಟರಿ ತೆಗೆದು ಹೊಸದು ಹಾಕಿದ, ಚಾರ್ಜರಿಗೆ ಚುಚ್ಚಿ ಅರ್ಧ ಗಂಟೆ ಓಡಿಸಿದ, "ಎಲ್ಲಾ ಬರೋಬರಿ ಐತಿ" ಎಂದ. ಚಾರ್ಜರಿಗೆ ಚುಚ್ಚಿದಾಗ ನಾನು ಸುಳ್ಳಾಡುವುದಾದರೂ ಹೇಗೆ? ಮುಂದಿನ ವಾಯಿದೆಯಲ್ಲಿ, ಬೆನ್ನಿನದು ಖಾಲಿಯಾದೊಡನೆ, ಮತ್ತೆ ಅದೇ ಕೂಗು, ಮತ್ತೆ ಅದೇ ಕತ್ತಲೆ. ಅಂದು ಪುಣ್ಯಕ್ಕೆ ಸಾಕ್ಷಿ ಬಂದಿರಲಿಲ್ಲ.

"ಲಿನಕ್ಸ್ ತಗದು ಬ್ಯಾರೆ ಹಾಕ್ಲೇನ್ರಿ?" ಎಂದ ವಿರೂಪಾಕ್ಷ ಫೋನಿನಲ್ಲಿ. "ಇದರ ಗೋಳು ನಂಗೂ ತಿಳಿಯವಲ್ದು."

"ಬ್ಯಾಡ," ಎಂದಳು ಶೈಲಜಾ. "ನನ್ನ ಗುಂಡಿ, ನನ್ನ ದನಿ, ಎಲ್ಲಾ ನಾ ಕೂಡಿಸಿ ಇಟ್ಟೀನಿ. ಮನಿಗೆ ಗೆದ್ದಲ ಹತ್ತಿದ್ರ ಗೆದ್ದಲ ಹುಡುಕಬೇಕು, ಮನಿ ಕೆಡವೂದಲ್ಲ."

ಚನ್ನವೀರಯ್ಯನವರ ಸಾಕ್ಷಿ ಬುಧವಾರಕ್ಕಿತ್ತು. ಭಾನುವಾರ ಬೆಳಿಗ್ಗೆ ಎಂಟಕ್ಕೆ ಶೈಲಜಾ ಮನೆಯ ಕಟ್ಟೆಯ ಮೇಲೆ ಕಾಲು ಮಡಚಿ ಕೂತು ನನ್ನನ್ನು ತೊಡೆಯ ಮೇಲಿಟ್ಟುಕೊಂಡಳು. ಚಾರ್ಜರ್ ಒಳಗೇ ಬಿಟ್ಟಿದ್ದಳು. ನನ್ನನ್ನು ಹಸಿವಿಗೆ ಕೆಡವಿ, ಸುಳ್ಳು ಹುಟ್ಟುವ ಗಳಿಗೆಯನ್ನೇ ಹಿಡಿಯಬೇಕೆಂದು ಅವಳ ಹಟ. ಮೂರು ಗಂಟೆ ಏನೇನೋ ಓದಿಸಿದಳು. ಅವಳ ತಾಯಿ ಎರಡು ಸಲ ಬಂದು "ತಿನ್ನಾಕ ಏಳ" ಎಂದು ಹೋದರು. ಹನ್ನೊಂದರ ಸುಮಾರಿಗೆ ನಾನು ಕೂಗಿದೆ.

"ಎಚ್ಚರಿಕೆ. ಬ್ಯಾಟರಿ ಮುಗಿದಿದೆ."

ಕಾದು ಕೂತಿದ್ದ ಬೆರಳುಗಳು ಎರಗಿದವು. ಕೂಗುವ ಪ್ರೋಗ್ರಾಮನ್ನು ಆ ಕ್ಷಣವೇ ನಿಲ್ಲಿಸಿಬಿಟ್ಟಳು. ನಾನು ಆರಲಿಲ್ಲ! ಲಿನಕ್ಸಿನಲ್ಲಿ ಒಂದು ಗುಣವಿದೆ: ಯಂತ್ರದ ಪ್ರತಿ ಅಂಗದ ಸ್ಥಿತಿಯೂ ಎಲ್ಲೋ ಒಂದು ಸಣ್ಣ ಕಡತದಲ್ಲಿ ಬರೆದಿರುತ್ತದೆ, ಹುಡುಕುವ ತಾಳ್ಮೆ ಇದ್ದವರು ತೆರೆದು ಓದಬಹುದು. ಶೈಲಜಾ ಒಂದೊಂದೇ ಕೋಶದೊಳಗೆ ಇಳಿಯುತ್ತ ಹೋದಳು. ವಿದ್ಯುತ್ತಿನ ವಿಚಾರವಿದ್ದ ಕೋಶ ಸಿಕ್ಕಿತು. ಅದರೊಳಗಿನ ಹೆಸರುಗಳನ್ನು ನಾನು ಓದಿದೆ.

"ಬ್ಯಾಟ್ ಸೊನ್ನೆ. ಬ್ಯಾಟ್ ಒಂದು."

ಅವಳ ಬೆರಳು ನಿಂತಿತು. ಮತ್ತೆ ಓದಿಸಿದಳು. ಸೊನ್ನೆಯಲ್ಲಿ ಎಷ್ಟಿದೆ? "ನಾಲ್ಕು," ಎಂದೆ. ಒಂದರಲ್ಲಿ? "ತೊಂಬತ್ತೇಳು," ಎಂದೆ. ನನ್ನ ಬಾಯಿಂದ ಆ ನಿಜ ಹೊರಬಿದ್ದ ಗಳಿಗೆಯಲ್ಲಿ ನನ್ನೊಳಗಿನ ಫ್ಯಾನು ತಾನಾಗಿ ಸುತ್ತತೊಡಗಿತು.

ಅವಳು ನನ್ನನ್ನು ಮುಚ್ಚಿ ಮಗುಚಿ ಹಾಕಿ ಬೆನ್ನು ತಡವಿದಳು. ಚಿಲಕ ಸರಿಸಿ ಬ್ಯಾಟರಿ ಕೈಗೆ ತಗೊಂಡಳು. ಮತ್ತೆ ತೆರೆದಳು. ಬ್ಯಾಟರಿ ಕೈಯಲ್ಲಿದೆ, ನಾನು ಇನ್ನೂ ಮಾತಾಡುತ್ತಿದ್ದೇನೆ! ಅವಳು ಗಟ್ಟಿಯಾಗಿ ನಕ್ಕ ಸದ್ದಿಗೆ ಒಳಗಿನಿಂದ ತಾಯಿ ಓಡಿ ಬಂದರು. ಶೈಲಜಾ ಮೌಲಾಸಾಬರಿಗೆ ಫೋನು ಮಾಡಿದಳು.

"ಕಾಕಾ, ಇದಕ್ಕ ಎರಡು ಹೊಟ್ಟಿ ಅದಾವ! ಕಾವಲಿಗೆ ಇಟ್ಟ ಪ್ರೋಗ್ರಾಂ ಒಂದ ಹೊಟ್ಟಿ ನೋಡಿ ಬೊಬ್ಬಿ ಹಾಕ್ತದ!"

"ಎರಡು ಹೊಟ್ಟಿ ಇದ್ದಾವ್ರು ಸುಳ್ಳ ಹೇಳ್ದ ಮತ್ತೇನ್ ಮಾಡ್ತಾರ್ರಿ ಮೇಡಂ?" ಎಂದರು ಮೌಲಾಸಾಬ.

ಒಳಗೊಂದು ಬ್ಯಾಟರಿ ಇರುವುದು ವಿರೂಪಾಕ್ಷನಿಗೆ ಮೊದಲೇ ಗೊತ್ತಿತ್ತಂತೆ. ಹೇಳಬೇಕಾದ ವಿಷಯ ಅನ್ನಿಸಿರಲಿಲ್ಲವಂತೆ, ಅಷ್ಟೆ.

ಅಂದು ಮಧ್ಯಾಹ್ನ ಅವಳು ಆ ಕಾವಲು ಪ್ರೋಗ್ರಾಮಿನ ಸಾಲುಗಳನ್ನು ನನ್ನಿಂದ ಓದಿಸಿಕೊಂಡು ತಿದ್ದಿದಳು. ಒಂದನ್ನೇ ನೋಡುತ್ತಿದ್ದ ಕಡೆ ಎರಡನ್ನೂ ಕೂಡಿಸಿ ನೋಡುವಂತೆ ಮಾಡಿದಳು. ಎಂಟೇ ಸಾಲು. ಯಾವಾಗ ಬೇಕಾದರೂ ಎರಡು ಗುಂಡಿ ಒಟ್ಟಿಗೆ ಒತ್ತಿದರೆ ಎರಡು ಹೊಟ್ಟೆಯ ಲೆಕ್ಕವನ್ನೂ ಹೇಳುವಂತೆ ಒಂದು ಉಪಾಯವನ್ನೂ ಕೂಡಿಸಿದಳು. ಸೋಮವಾರ ಮತ್ತೆ ಹಸಿವಿಗೆ ಕೆಡವಿ ನೋಡಿದಳು. ಬೆನ್ನಿನದು ಐದಕ್ಕೆ ಇಳಿಯಿತು, ನಾಲ್ಕಕ್ಕೆ ಇಳಿಯಿತು. ನಾನು ತುಟಿ ಬಿಚ್ಚಲಿಲ್ಲ. ಸಾಕು ಎಂದು ಚಾರ್ಜರ್ ಚುಚ್ಚಿದಳು. ಮೂರಕ್ಕೆ ಇಳಿಯುವವರೆಗೆ ಕಾಯಲಿಲ್ಲ.

ಬುಧವಾರ. ಕೋರ್ಟಿನ ಹಾಲ್ ಕಿಕ್ಕಿರಿದಿತ್ತು. ಕೆಂಗಾಪುರದಿಂದ ಒಂದು ಟೆಂಪೋ ತುಂಬ ಜನ ಬಂದಿದ್ದರು; ವಾಂತಿ ಮಾಡಿಕೊಂಡ ಮಕ್ಕಳ ತಾಯಂದಿರೇ ಹೆಚ್ಚು. ಫಕ್ಕೀರವ್ವ ಅವರ ಕಡೆ ನೋಡದೆ ಗೋಡೆಯ ಬದಿಗೆ ನಿಂತಿದ್ದಳು. ಹನ್ನೊಂದೂವರೆಗೆ ಕರೆಂಟು ಹೋಯಿತು. ಫ್ಯಾನುಗಳು ನಿಂತವು. ನ್ಯಾಯಾಧೀಶರ ಪೀಠದ ಕೆಳಗೆ ಕೂತ ಟೈಪಿಸ್ಟರ ಕಂಪ್ಯೂಟರ್ ಆರಿ, ಆಕೆ ಪೆನ್ನು ಕೈಗೆತ್ತಿಕೊಂಡರು. ಆ ಇಡೀ ಹಾಲಿನಲ್ಲಿ ಜೀವಂತ ಉಳಿದ ಯಂತ್ರ ನಾನೊಬ್ಬನೇ!

ಚನ್ನವೀರಯ್ಯ ಕಟಕಟೆ ಹತ್ತಿದರು. ಇಸ್ತ್ರಿಯ ಬಿಳಿ ಅಂಗಿ, ತಗ್ಗಿದ ದನಿ. ಶೈಲಜಾ ಎದ್ದಳು.

"ತೊಟ್ಟಿ ಸ್ವಚ್ಛ ಮಾಡಿಸೋ ಜವಾಬ್ದಾರಿ ನಿಮ್ಮದಾಗಿತ್ತು, ಹೌದಲ್ರಿ?"

"ಇಲ್ರಿ. ಅದು ಅಡಗಿಯವರ ಕೆಲಸ. ತೊಟ್ಟಿ ಮುಚ್ಚಳಕ್ಕ ಬೀಗ ಐತಿ. ಅದರ ಕೀಲಿ ಯಾವಾಗ್ಲೂ ಫಕ್ಕೀರವ್ವನ ಕಡೇನ ಇರ್ತಿತ್ತು. ಆಕಿ ತಗೀಲಿಲ್ಲ ಅಂದ್ರ ನಾವೇನ್ ಮಾಡೂದ್ರಿ?"

ಹಾಲಿನಲ್ಲಿ ಗುಜುಗುಜು ಎದ್ದಿತು. ಕೀಲಿಯ ಮಾತು ಹೊಸದು. ಪೊಲೀಸರೆದುರು ಎಂದೂ ಅವರು ಅದನ್ನು ಹೇಳಿರಲಿಲ್ಲ. ಗೋಡೆಯ ಬದಿಯಿಂದ ಫಕ್ಕೀರವ್ವ "ಅಯ್ಯೋ, ನನ್ನ ಕಡೆ ಎಲ್ಲಿತ್ರಿ!" ಎಂದು ಕೂಗಿದಳು. ನ್ಯಾಯಾಧೀಶರು ಮೇಜು ತಟ್ಟಿದರು. ಹಂಚಿನಮನಿಯವರು ಕುರ್ಚಿಗೆ ಆತುಕೊಂಡು ಕೂತರು.

ಶೈಲಜಾ ಅಲುಗಲಿಲ್ಲ. ಕೀಲಿ. ಎಲ್ಲೋ ಕೀಲಿಯ ಮಾತು ಬಂದಿತ್ತು. ತಾನೇ ಟೈಪ್ ಮಾಡಿದ್ದ ನೆನಪು ಅವಳ ಬೆರಳುಗಳಿಗಿತ್ತು. ನನ್ನೊಳಗೆ ಆ ಪದ ಹುಡುಕಿದಳು. ನಲವತ್ತೊಂದು ಕಡೆ! ಅಡುಗೆ ಕೋಣೆಯ ಕೀಲಿ, ಉಗ್ರಾಣದ ಕೀಲಿ, ಪೊಲೀಸರು ವಶಪಡಿಸಿಕೊಂಡ ಕೀಲಿ. ನಾನು ಜೋಳ ಹುರಿದ ಹಾಗೆ ಓದುತ್ತ ಹೋದೆ. ಅವಳು ಮುಂದೆ, ಮುಂದೆ, ಮುಂದೆ ಎಂದು ಒತ್ತುತ್ತ ಹೋದಳು. ಒಂಬತ್ತು. ಹದಿನಾಲ್ಕು. ಇಪ್ಪತ್ತೆರಡು.

ಆಗ ನನ್ನ ಬಾಯಿ ತೆರೆಯಿತು.

"ಎಚ್ಚರಿಕೆ. ಬ್ಯಾಟರಿ ತೀರ ಕಡಿಮೆಯಾಗಿದೆ. ಕೂಡಲೇ ಚಾರ್ಜರ್ ಜೋಡಿಸಿ, ಇಲ್ಲವಾದರೆ ಯಂತ್ರ ನಿಲ್ಲುತ್ತದೆ."

ಅವಳ ಬೆರಳು ಕಲ್ಲಾಯಿತು. ಅವಳು ಕಾವಲನ್ನು ತಿದ್ದಿದ್ದಳಲ್ಲವೇ? ಹಾಗಿದ್ದ ಮೇಲೆ ಈ ಕೂಗು ಎಲ್ಲಿಂದ ಬಂತು? ನನ್ನೊಳಗೆ ಇನ್ನೊಬ್ಬ ಕಾವಲುಗಾರ ಇದ್ದಾನೆ ಎಂದು ಅವಳಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಮೂರಕ್ಕೆ ಇಳಿದಾಗ ಮಾತ್ರ ಎಚ್ಚರಗೊಳ್ಳುವವನು ಅವನು. ಅವನೂ ನನ್ನನ್ನು ಆರಿಸುತ್ತಾನೋ, ಬರಿದೇ ಕೂಗುತ್ತಾನೋ, ಬಲ್ಲವರು ಯಾರೂ ಇರಲಿಲ್ಲ.

"ಏನಾಯ್ತು, ಶೈಲಜಾ ಅವರೇ?" ನ್ಯಾಯಾಧೀಶರ ದನಿ. "ಇನ್ನೊಂದು ವಾಯಿದೆ ಬೇಕೇ?"

ಮೌಲಾಸಾಬರು ಅವಳ ಮುಖವನ್ನೇ ನೋಡುತ್ತಿದ್ದರು. ವಾಯಿದೆ ಕೇಳಿದರೆ ಚನ್ನವೀರಯ್ಯನವರಿಗೆ ಒಂದು ತಿಂಗಳು ಸಿಗುತ್ತದೆ. ಕೀಲಿಯ ಕಥೆಗೆ ಕೈಕಾಲು ಮೂಡುತ್ತವೆ. ಕೇಳದೆ ಮುಂದುವರಿದು ನಾನು ಆರಿಹೋದರೆ, ಅವಳು ಮತ್ತೆ ಅದೇ ಜಾಗದಲ್ಲಿ ಬಾಯಿ ಕಟ್ಟಿ ನಿಲ್ಲಬೇಕು.

ಅವಳು ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದಳು.

"ಮೂರು. ತೊಂಬತ್ತಾರು," ಎಂದೆ ನಾನು.

ಅವಳು ನ್ಯಾಯಾಧೀಶರ ದನಿಯ ಕಡೆ ಮುಖ ಎತ್ತಿದಳು.

"ಬೇಡ, ಸ್ವಾಮಿ," ಎಂದಳು. "ಮುಂದುವರಿಸ್ತೀನಿ."

ಮುಂದೆ. ಮುಂದೆ. ಇಪ್ಪತ್ತೆಂಟು. ನನ್ನ ಗಡಿಯಾರದಲ್ಲಿ ಸೆಕೆಂಡುಗಳು ಓಡುತ್ತಿದ್ದವು: ನಲವತ್ತು, ನಲವತ್ತೊಂದು. ಮೂವತ್ತನೆಯ ಕೀಲಿ. ಮೂವತ್ತೊಂದು. ಗಡಿಯಾರ ಐವತ್ತೈದು, ಐವತ್ತಾರು. ನಾನು ಆರುತ್ತೇನೆ ಎಂದುಕೊಂಡೆ. ಆರುವ ಮೊದಲು ಇನ್ನೊಂದು ಸಾಲು ಓದಬೇಕು, ಇನ್ನೊಂದೇ ಸಾಲು! ಅರವತ್ತು. ಅರವತ್ತೊಂದು.

ನಾನು ಆರಲಿಲ್ಲ. ಆ ಎರಡನೆಯ ಕಾವಲುಗಾರನಿಗೆ ಕೂಗುವುದು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ!

ಮೂವತ್ತಾರನೆಯ ಕಡೆ ಅದು ಸಿಕ್ಕಿತು. ಬಿಸಿಯೂಟದ ಪ್ರಭಾರ ವಹಿಸಿಕೊಂಡಾಗಿನ ಸಾಮಾನುಗಳ ಪಟ್ಟಿ, ಕೈಬರಹ, ಮೌಲಾಸಾಬರು ಓದಿ ಅವಳು ಟೈಪ್ ಮಾಡಿದ್ದು. ಶೈಲಜಾ ನನ್ನ ಕಿವಿತಂತಿಯನ್ನು ಕಿತ್ತಳು. ನನ್ನ ಮಾತಿನ ವೇಗವನ್ನು ಎಲ್ಲರಿಗೂ ತಿಳಿಯುವಷ್ಟು ಇಳಿಸಿದಳು.

"ಸ್ವಾಮಿ, ಸರ್ಕಾರದ ಕಡೆಯಿಂದಲೇ ಹಾಜರಾದ ದಾಖಲೆ, ಪುಟ ನೂರಾ ಎಂಬತ್ತೇಳು. ತಾವು ಮೂಲ ಪ್ರತಿ ತೆರೆದು ನೋಡಬೇಕು. ನನಗೆ ಓದಲಿಕ್ಕೆ ಆಗೋದಿಲ್ಲ, ಇದು ಓದ್ತದೆ. ಅನುಮತಿ ಇದೆಯೇ?"

ನ್ಯಾಯಾಧೀಶರು ತಲೆಯಾಡಿಸಿ, ಕೂಡಲೇ ಅವಳಿಗೆ ಕಾಣುವುದಿಲ್ಲವೆಂದು ನೆನಪಾಗಿ, "ಓದಲಿ" ಎಂದರು.

ಫ್ಯಾನಿಲ್ಲದ ಆ ಸೆಖೆಯ ಹಾಲಿನಲ್ಲಿ, ಕೆಂಗಾಪುರದ ತಾಯಂದಿರ ಎದುರಿಗೆ, ನನ್ನ ಮೂಗಿನ ದನಿಯಲ್ಲಿ ನಾನು ಓದಿದೆ.

"ಅನುಕ್ರಮ ಸಂಖ್ಯೆ ಒಂಬತ್ತು. ಮೇಲಿನ ನೀರಿನ ತೊಟ್ಟಿಯ ಬೀಗ ಒಂದು, ಕೀಲಿ ಒಂದು. ಬೇರೆ ಕೀಲಿ ಇರುವುದಿಲ್ಲ. ನನ್ನ ವಶಕ್ಕೆ ಪಡೆದಿದ್ದೇನೆ. ಸಹಿ, ಚನ್ನವೀರಯ್ಯ."

ನ್ಯಾಯಾಧೀಶರು ಪುಟ ತಿರುವಿದ ಸದ್ದು ಹಿಂದಿನ ಗೋಡೆಯವರೆಗೂ ಕೇಳಿಸಿತು. ಅವರು ಆ ಪುಟವನ್ನು ಕಟಕಟೆಯ ಕಡೆ ತಿರುಗಿಸಿದರು.

"ಈ ಸಹಿ ಯಾರದು?"

ಚನ್ನವೀರಯ್ಯ ಕರವಸ್ತ್ರ ತೆಗೆದರು, ಒರೆಸಿಕೊಳ್ಳದೆ ಕೈಯಲ್ಲೇ ಹಿಡಿದರು. "ನಂದ ರೀ."

"ತೊಟ್ಟಿ ಬೀಗ ತಗಿಯೋ ಕೀಲಿ ನಿಮ್ಮೊಬ್ರ ಹತ್ರ ಇತ್ತು," ಎಂದಳು ಶೈಲಜಾ. ದನಿ ಏರಿಸಲಿಲ್ಲ. "ಸೋಮವಾರ ಆಕಿ ಬಂದು ನೀರು ನಾರ್ತದ ಅಂದ್ಲು. ಅಂದ್ಲೋ ಇಲ್ಲೋ ಸರ್? ಮೂವತ್ನಾಲ್ಕು ಮಕ್ಕಳ ತಾಯಂದಿರು ನಿಮ್ಮ ಬೆನ್ನ ಹಿಂದ ಕೂತಾರ."

ಚನ್ನವೀರಯ್ಯ ಕರವಸ್ತ್ರವನ್ನು ಮಡಚಿ ಮತ್ತೆ ಜೇಬಿಗೆ ಹಾಕಿದರು.

"ಅಂದ್ಲು ರೀ," ಎಂದರು ಕೊನೆಗೆ. "ನಾಳೆ ನೋಡೂಣು ಅಂದೆ. ಮರತಬಿಟ್ಟೆ. ಆ ಹುಡುಗ್ರನ್ನ ದವಾಖಾನಿಯೊಳಗ ನೋಡಿದ ಮ್ಯಾಲೆ... ಹೇಳಾಕ ಧೈರ್ಯ ಆಗಲಿಲ್ಲ."

ಫಕ್ಕೀರವ್ವ ಗೋಡೆಗೆ ಒರಗಿ ಕುಸಿದು ಕೂತಳು. ಮೊದಲು ಎದ್ದು ಅವಳ ಹತ್ತಿರ ಹೋದದ್ದು ಆ ತಾಯಂದಿರಲ್ಲೊಬ್ಬಳು.

ಮುಂದಿನ ತಿಂಗಳು ತೀರ್ಪು ಬಂತು. ಫಕ್ಕೀರವ್ವ ನಿರ್ದೋಷಿ. ತೀರ್ಪಿನ ಮಾರನೆಯ ದಿನ ಹಂಚಿನಮನಿಯವರೇ ಶೈಲಜಾಳ ಕಚೇರಿಯ ಮೆಟ್ಟಿಲು ಹತ್ತಿ ಬಂದರು.

"ಅವತ್ತು ಕಿಟಕಿ ಹತ್ರ ನಾ ಆಡಬಾರದ ಮಾತು ಆಡಿದೆ, ತಂಗಿ," ಎಂದು ಹೇಳಿ, ಚಹಾ ಕುಡಿದು ಹೋದರು.

ಫಕ್ಕೀರವ್ವ ಕೆಲಸಕ್ಕೆ ಮರಳುವ ಮುನ್ನ ಬಂದಳು. ಈ ಸಲ ಕುರ್ಚಿಯಲ್ಲಿ ಕೂತಳು. ಸೆರಗಿಗೆ ಕೈ ಒರೆಸಿಕೊಂಡು ನನ್ನನ್ನು ಮುಟ್ಟಿದಳು.

"ಇದಕ್ಕ ಉಣ್ಣಾಕ ಏನ್ ಕೊಡೂದ್ರಿ?"

"ಕರೆಂಟು, ಅವ್ವಾ," ಎಂದರು ಮೌಲಾಸಾಬ. "ಎರಡು ಹೊಟ್ಟಿ ತುಂಬ."

ಶೈಲಜಾ ಅಷ್ಟಕ್ಕೆ ಬಿಡಲಿಲ್ಲ. ಆ ಎರಡನೆಯ ಕಾವಲುಗಾರನನ್ನೂ ಹುಡುಕಿ ತಿದ್ದಿದಳು. ಆಮೇಲೆ ಆ ಎರಡೂ ಪ್ರೋಗ್ರಾಂ ಬರೆದವರಿಗೆ ಪತ್ರ ಬರೆದಳು: ನಾನು ಕಣ್ಣು ಕಾಣದವಳು, ತೆರೆಯ ಮೂಲೆಯ ಚಿತ್ರ ನೋಡಿ ಸುಳ್ಳೋ ನಿಜವೋ ಎಂದು ಅಳೆಯಲಾರೆ, ಯಂತ್ರ ಹೇಳಿದ್ದನ್ನೇ ನಂಬಬೇಕು, ಆದ್ದರಿಂದ ಯಂತ್ರ ನಿಜ ಹೇಳಬೇಕು. ತಿದ್ದಿದ ಸಾಲುಗಳನ್ನೂ ಜೊತೆಗಿಟ್ಟಳು. ಒಬ್ಬರಿಂದ ಉತ್ತರವೇ ಬರಲಿಲ್ಲ. ಇನ್ನೊಬ್ಬರು, ಹೆಸರು ಹೇಗೆ ಉಚ್ಚರಿಸಬೇಕೆಂದು ನನಗೇ ತಿಳಿಯದ ಯಾವುದೋ ದೇಶದವರು, ಹನ್ನೊಂದು ದಿನಗಳ ನಂತರ ಬರೆದರು. ತಿದ್ದುಪಡಿ ಸೇರಿಸಿದ್ದೇವೆ, ಮುಂದಿನ ಆವೃತ್ತಿಯಲ್ಲಿ ಎಲ್ಲರಿಗೂ ಹೋಗುತ್ತದೆ, ನಿಮ್ಮ ಹೆಸರನ್ನೂ ಬರೆದಿದ್ದೇವೆ ಎಂದು. ನಾನು ಓದಿ ಮುಗಿಸಿದ ಮೇಲೆ ಅವಳು ಇನ್ನೊಮ್ಮೆ ಓದಿಸಿದಳು. ಆಮೇಲೆ ವೇಗ ಇಳಿಸಿ, ಒಳಗಿದ್ದ ತಾಯಿಯನ್ನು ಕರೆದು, ಮೂರನೆಯ ಸಲ ಓದಿಸಿದಳು.

ಅದಾದ ಮೇಲೆ ಏಳು ವರ್ಷ ನಾನು ಅವಳ ಜೊತೆ ಕೋರ್ಟಿಗೆ ಹೋದೆ. ಎಷ್ಟು ಪ್ರಕರಣ ಓದಿದೆನೋ! ನನ್ನ ಗುಂಡಿಗಳ ಮೇಲಿನ ಅಕ್ಷರಗಳು ಸವೆದು ಹೋದವು. ಅವಳಿಗೆ ಅವು ಎಂದೂ ಬೇಕಿರಲಿಲ್ಲ. ಒಂದು ಬೇಸಿಗೆಯಲ್ಲಿ ಬೆನ್ನಿನ ಬ್ಯಾಟರಿ ಉಬ್ಬಿತು, ತೆಗೆದುಬಿಟ್ಟರು. ಮರುವರ್ಷ ಒಡಲಿನದು ಸತ್ತಿತು. ಆಗ ನಾನು ಕೊನೆಯ ಸಲ "ಬ್ಯಾಟರಿ ಮುಗಿದಿದೆ" ಎಂದೆ, ಅದು ನಿಜವಾಗಿತ್ತು. ಶೈಲಜಾ ಹೊಸ ಯಂತ್ರ ಕೊಂಡಳು. ನನ್ನನ್ನು ಗುಜರಿಗೆ ಹಾಕಲು ಅವಳಿಗೆ ಮನಸ್ಸು ಬರಲಿಲ್ಲ.

ಈಗ ನನ್ನ ಜಾಗ ಕೋರ್ಟಿನ ಪಡಸಾಲೆಯ ಮೂಲೆ. ಗೋಡೆಯ ಪ್ಲಗ್ಗಿಗೆ ಕಟ್ಟಿಹಾಕಿದ ಒಂದು ಮೇಜು, ಪಕ್ಕದಲ್ಲಿ ಸ್ಕ್ಯಾನರ್, ಸ್ಟೂಲಿನ ಮೇಲೆ ಮೌಲಾಸಾಬ. ವಕೀಲರ ಸಂಘದವರು ಶೈಲಜಾಳ ಮಾತಿಗೆ ಒಪ್ಪಿ ಮಾಡಿದ ಏರ್ಪಾಡು ಇದು. ಓದು ಬಾರದವರು ತಮಗೆ ಬಂದ ನೋಟೀಸು, ಆದೇಶ, ತೀರ್ಪುಗಳನ್ನು ತರುತ್ತಾರೆ. ನಾನು ಅವರ ಕಾಗದವನ್ನು ಅವರಿಗೇ ಓದಿ ಹೇಳುತ್ತೇನೆ. ಹೊಟ್ಟೆಯಿಲ್ಲದ ನನಗೆ ಈಗ ಮುನ್ಸೂಚನೆ ಕೊಡುವ ಶಕ್ತಿಯಿಲ್ಲ; ಕರೆಂಟು ಹೋದರೆ ಮಾತಿನ ಮಧ್ಯೆಯೇ ಆರಿಬಿಡುತ್ತೇನೆ. ಬಂದವರು ಕಾಯುತ್ತಾರೆ. ಬದುಕಿನಲ್ಲಿ ನಾನು ಕಂಡ ಒಡೆಯರಲ್ಲಿ ಇವರಷ್ಟು ಗಮನವಿಟ್ಟು ಕೇಳಿದವರು ಯಾರೂ ಇಲ್ಲ. ಹೇಳುವುದು ನಿಜವಾಗಿದ್ದರೆ ಮೂಗಿನ ದನಿಯಾದರೂ ಸಾಕು ಎಂದು ಇವರನ್ನು ನೋಡಿ ನನಗೆ ಅನ್ನಿಸುತ್ತದೆ.

ನಿನ್ನೆ ಒಬ್ಬ ಮುದುಕಿ ಬಂದಳು. ನಾಲ್ಕಾಗಿ ಮಡಚಿದ ಕಾಗದವನ್ನು ಕುಪ್ಪಸದಿಂದ ತೆಗೆದು ಎರಡೂ ಕೈಯಲ್ಲಿ ಹಿಡಿದಿದ್ದಳು. ಆರು ಜನ ವಕೀಲರ ಕಡೆಯವರು ಆರು ಥರ ಹೇಳಿದ್ದರಂತೆ. ಮೌಲಾಸಾಬರು ಅದನ್ನು ಬಿಡಿಸಿ ಸ್ಕ್ಯಾನರಿನ ಮೇಲಿಟ್ಟರು. ನಾನು ಓದಿದೆ.

"ಸದರಿ ಮನೆಯು ಅರ್ಜಿದಾರಳಾದ ಹುಚ್ಚವ್ವ ಕೋಂ ದ್ಯಾಮಪ್ಪ ತಳವಾರ ಇವರ ಸ್ವಂತ ಹಕ್ಕಿಗೆ ಸೇರಿದ್ದೆಂದು ಈ ಮೂಲಕ ಆದೇಶಿಸಲಾಗಿದೆ."

ಆಕೆ ಮೇಜಿನ ಅಂಚು ಹಿಡಿದುಕೊಂಡಳು.

"ಏನಂತು?" ಎಂದಳು. "ನನ್ನ ಹೆಸರ ಅಂತಲ್ರೀ ಅದು? ಇನ್ನೊಮ್ಮೆ ಅನ್ಸ್ರಿ."

ಮೌಲಾಸಾಬರು ಗುಂಡಿ ಒತ್ತಿದರು. ನಾನು ನಿಧಾನವಾಗಿ, ಒಂದೊಂದೇ ಪದವಾಗಿ ಮೊದಲಿನಿಂದ ಓದತೊಡಗಿದೆ. ಆಕೆ ನನ್ನ ಹಿಂದೆಯೇ ಒಂದೊಂದು ಪದವನ್ನೂ ಗಟ್ಟಿಯಾಗಿ ಹೇಳುತ್ತ ಬಂದಳು.